ಹವಾಲ್ದಾರರ ಸಾಕ್ಸ್ ಪಾಠ

ಬಿ.ಎ. ಕೊನೆಯ ವರ್ಷದಲ್ಲಿ ನಾನು ಜೆ.ಪಿ. ನಗರದ ಒಂದು ಸಣ್ಣ ಸೇನಾ ವಸ್ತುಸಂಗ್ರಹಾಲಯದಲ್ಲಿ ಎರಡು ತಿಂಗಳು ಇಂಟರ್ನ್ ಆಗಿದ್ದೆ. ಸೈನ್ಯದ ಇತಿಹಾಸದಲ್ಲಿ ವಿಶೇಷ ಆಸಕ್ತಿಯಿದೆ ಎಂದು ಅರ್ಜಿಯಲ್ಲಿ ಬರೆದಿದ್ದೆ. ನಿಜವೆಂದರೆ ಜರಗನಹಳ್ಳಿಯ ನಮ್ಮ ಬಾಡಿಗೆ ಮನೆಯಿಂದ ಅಲ್ಲಿಗೆ ನಡೆದೇ ಹೋಗಬಹುದಿತ್ತು.

ಅಲ್ಲಿದ್ದವರು ಇಬ್ಬರು. ನಿವೃತ್ತ ಕರ್ನಲ್ ಒಬ್ಬರು ನಿರ್ದೇಶಕರು. ಇನ್ನೊಬ್ಬರು ನಿವೃತ್ತ ಹವಾಲ್ದಾರರು. ಕೋಣನಕುಂಟೆಯಿಂದ ಸೈಕಲ್ ಮೇಲೆ ಬಂದು ಬಾಗಿಲು ತೆಗೆಯುತ್ತಿದ್ದರು, ಬಂದೂಕುಗಳ ಧೂಳು ಒರೆಸುತ್ತಿದ್ದರು, ಟ್ಯಾಂಕಿನ ಮಾದರಿಯ ಮೇಲೆ ಮಕ್ಕಳು ಹತ್ತದಂತೆ ಕಾಯುತ್ತಿದ್ದರು. ಶಾಲಾ ಮಕ್ಕಳ ಕಾರ್ಯಕ್ರಮ ನಡೆಸುವುದು ನನ್ನ ಕೆಲಸ. ಮಕ್ಕಳು ಕೇಳಬಹುದಾದ ಪ್ರಶ್ನೆಗಳನ್ನೂ ಉತ್ತರಗಳನ್ನೂ ನಾಲ್ಕು ಪುಟ ಬರೆದು ಕರ್ನಲ್ ಅವರ ಒಪ್ಪಿಗೆ ಪಡೆದಿದ್ದೆ. ಮೊದಲ ತಿಂಗಳು ಮಕ್ಕಳು ಕೇಳಿದ್ದು ಎರಡೇ: ಈ ಗನ್ನು ಈಗಲೂ ಸಿಡಿಯುತ್ತಾ, ಟಾಯ್ಲೆಟ್ ಎಲ್ಲಿದೆ. ಎರಡೂ ನನ್ನ ಪುಟಗಳಲ್ಲಿರಲಿಲ್ಲ.

ಒಂದು ಶನಿವಾರ ಜಯನಗರದ ಶಾಲೆಯೊಂದರ ಏಳನೇ ತರಗತಿ ‘ಯೋಧರ ಜೊತೆ ಮಾತುಕತೆ’ಗೆ ಬಂದಿತ್ತು. ಮಾತಾಡಬೇಕಿದ್ದ ಅಧಿಕಾರಿ ಜ್ವರವೆಂದು ಫೋನ್ ಮಾಡಿದರು. ಮಕ್ಕಳು ಆಗಲೇ ನೆಲದ ಮೇಲೆ ಸಾಲಾಗಿ ಕೂತಿದ್ದರು.

“ಹವಾಲ್ದಾರ್, ನೀವೇ ಮಾತಾಡಿ,” ಎಂದರು ಕರ್ನಲ್.

“ಸಾರ್, ನಾನು ಸ್ಟೋರ್‌ನಲ್ಲಿದ್ದೋನು. ಸಾಕ್ಸು, ಕಂಬಳಿ ಕೊಡ್ತಿದ್ದೆ.”

“ಅದನ್ನ ಹೇಳೋದು ಬೇಡ. ಗಡೀಲಿದ್ದೆ ಅನ್ನಿ. ಸುಳ್ಳೇನಲ್ವಲ್ಲ.”

ಹವಾಲ್ದಾರರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಮಕ್ಕಳ ಮುಂದೆ ನಿಂತರು. ಮೊದಲ ಸಾಲಿನ ಹುಡುಗ ಕೈ ಎತ್ತಿದ. “ಅಂಕಲ್, ನೀವು ಎಷ್ಟು ಜನ ಶತ್ರುಗಳನ್ನ ಸಾಯಿಸಿದೀರಾ?”

“ಯಾರನ್ನೂ ಇಲ್ಲ ಮರಿ. ಸಾಕ್ಸ್ ಕೊಡ್ತಿದ್ದೆ.”

ಕರ್ನಲ್ ಕಿಟಕಿಯ ಕಡೆ ತಿರುಗಿಕೊಂಡರು. ನಾನು ನಾಲ್ಕು ಪುಟಗಳನ್ನೂ ತಿರುವಿ ಹಾಕಿದೆ. ಆಗ ಹಿಂದಿನಿಂದ ಒಬ್ಬ ಹುಡುಗಿ ಕೇಳಿದಳು: “ಯಾವ ಕಲರ್?”

ಹವಾಲ್ದಾರರು ನಗಲಿಲ್ಲ. ಬೂದು ಬಣ್ಣದ ಉಣ್ಣೆಯವು ಎಂದರು. ಹಿಮದ ಬೆಟ್ಟದಲ್ಲಿ ಒದ್ದೆ ಸಾಕ್ಸ್‌ನಲ್ಲೇ ಇದ್ದರೆ ಕಾಲ್ಬೆರಳು ಮೊದಲು ಜುಮ್ಮೆನ್ನುತ್ತವೆ, ಆಮೇಲೆ ಏನೂ ಗೊತ್ತಾಗುವುದಿಲ್ಲ, ಕೊನೆಗೆ ಡಾಕ್ಟರು ಕತ್ತರಿಸುತ್ತಾರೆ ಎಂದರು. ಒಬ್ಬ ಸಿಪಾಯಿಯ ದೊಡ್ಡ ಪಾದಕ್ಕೆ ಸ್ಟೋರಿನ ಯಾವ ಸಾಕ್ಸೂ ಹಿಡಿಯುತ್ತಿರಲಿಲ್ಲವಂತೆ. ಇವರು ಎರಡು ಜೊತೆ ಬಿಚ್ಚಿ, ಸೇರಿಸಿ ಹೊಲಿದು, ಒಂದು ಜೊತೆ ಮಾಡಿಕೊಟ್ಟರಂತೆ.

“ಮೂರು ತಿಂಗಳಾದ್ಮೇಲೆ ಬೆಟ್ಟ ಇಳಿದು ಬಂದ. ಸೀದಾ ಸ್ಟೋರ್‌ಗೆ ಬಂದು ಎರಡೂ ಬೂಟು ಬಿಚ್ಚಿ ಒಂದಾದ್ಮೇಲೆ ಒಂದು ಕಾಲು ಕೌಂಟರ್ ಮೇಲಿಟ್ಟ. ನೋಡು, ಹತ್ತು ಬೆರಳೂ ಇದೆ ಅಂದ.”

“ನೀವೇನಂದ್ರಿ?” ಎಂದಳು ಅದೇ ಹುಡುಗಿ.

“ಕಾಲು ಕೆಳಗಿಡು, ಇದು ಕೌಂಟರ್ರು ಅಂದೆ.” ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡರು. “ಆಮೇಲೆ ಹಿಂದಿನ ರೂಮಿಗೆ ಹೋಗಿ ಅತ್ತೆ.”

ನನಗೆ ನಾಚಿಕೆಯಾಯಿತು. ಒಂದು ತಿಂಗಳು ದಿನಾ ಅವರ ಜೊತೆ ಕಾಫಿ ಕುಡಿದಿದ್ದೆ. ಒಮ್ಮೆಯೂ ಅವರನ್ನು ಏನೂ ಕೇಳಿರಲಿಲ್ಲ.

ಮೊದಲ ಸಾಲಿನ ಹುಡುಗ ಶೂ ಬಿಚ್ಚಿ ತನ್ನ ಬೆರಳುಗಳನ್ನು ನೋಡಿಕೊಂಡ. ಅವನ ಪಕ್ಕದವನೂ ಬಿಚ್ಚಿದ. ಟೀಚರ್ ಟೈಮ್ ಆಯಿತು ಎನ್ನುವಷ್ಟರಲ್ಲಿ ಇಡೀ ತರಗತಿ ಬರಿಗಾಲಲ್ಲಿ ಕೂತಿತ್ತು. ಆ ವಾಸನೆಗೆ ನಾನು ಎಲ್ಲ ಕಿಟಕಿ ತೆಗೆಯಬೇಕಾಯಿತು.

ಮಕ್ಕಳು ಹೋದ ಮೇಲೆ ಕರ್ನಲ್ ನನ್ನನ್ನು ಕರೆದರು. “ರಿಪೋರ್ಟ್‌ನಲ್ಲಿ ಏನಂತ ಬರೀತೀಯಮ್ಮ?”

“ನಡೆದಿದ್ದನ್ನೇ, ಸಾರ್.”

ಅವರು ನನ್ನ ಕೈಯಲ್ಲಿದ್ದ ನಾಲ್ಕು ಪುಟಗಳನ್ನು ತೆಗೆದು ಮೇಜಿನ ಮೇಲಿಟ್ಟರು. “ಸೇನಾ ಸರಬರಾಜು ವ್ಯವಸ್ಥೆಯ ಕುರಿತು ಉಪನ್ಯಾಸ ಅಂತ ಬರಿ. ಮುಂದಿನ ವಾರಾನೂ ಅವರೇ ಮಾತಾಡ್ಲಿ.”

ಮುಂದಿನ ವಾರದ ಹೊತ್ತಿಗೆ ಆ ಅಧಿಕಾರಿಯ ಜ್ವರ ಬಿಟ್ಟಿತ್ತು. ಆದರೂ ಉಳಿದ ಎಲ್ಲ ಶನಿವಾರ ಹವಾಲ್ದಾರರೇ ಮಾತಾಡಿದರು. ಕಾಲೇಜಿನಲ್ಲಿ ನನ್ನ ವರದಿ ಓದಿದ ಮೇಷ್ಟ್ರು, ಯುದ್ಧದ ಬಗ್ಗೆ ಇನ್ನಷ್ಟು ವಿವರ ಬೇಕಿತ್ತು ಎಂದು ಅಂಚಿನಲ್ಲಿ ಬರೆದರು.

ಕೊನೆಯ ದಿನ ಕರ್ನಲ್ ಸರ್ಟಿಫಿಕೇಟ್ ಕೊಟ್ಟು ಕೈಕುಲುಕಿದರು. ಹವಾಲ್ದಾರರಿಗೆ ಹೇಳಿ ಹೋಗೋಣವೆಂದು ಒಳಗೆ ಹೋದೆ. ಅವರು ಏಣಿ ಹತ್ತಿ ಕೆಟ್ಟ ಬಲ್ಬ್ ತೆಗೆಯುತ್ತಿದ್ದರು. “ಬಂದ್ಯಾಮ್ಮ, ಏಣಿ ಸ್ವಲ್ಪ ಹಿಡ್ಕೋ,” ಎಂದರು. ಸರ್ಟಿಫಿಕೇಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಡಿದುಕೊಂಡೆ.