ಹರಕೆಯ ಹುಂಜಕ್ಕೆ ಬೇಲಿ

ಹುಂಜ ಹಾರಿ ಒದೆಯುವ ಎತ್ತರದಲ್ಲೇ ಪುಟ್ಟ ಮಗುವಿನ ಕಣ್ಣೂ ಇರುತ್ತದೆ. ಕೋಳಿ ಸಾಕಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಪಾಳ್ಯದ ಹತ್ತಿರದ ಸುಮಿತ್ರಮ್ಮನಿಗೂ ಗೊತ್ತಿತ್ತು. ರಾಗಿ ಹೊಲ, ಅದರ ಅಂಚಿಗೆ ಒಂದಿಷ್ಟು ಕಾಫಿ, ಕೊಟ್ಟಿಗೆಯಲ್ಲಿ ಹಸು. ಡೇರಿಗೆ ಹಾಲು ಹಾಕಿ ಬಂದ ಮೇಲೆಯೇ ಕಾಫಿ ಕುಡಿಯುವ ಹೆಂಗಸು. ಮೊಮ್ಮಗಳು ಕೃತಿಕಾಳಿಗೆ ಜ್ವರ ಬಿಡದೆ ಕಾಡಿದಾಗ, ವಾಸಿಯಾದರೆ ಮನೆಯ ಹುಂಜವನ್ನೇ ಕೊಡುತ್ತೇನೆಂದು ಊರಮ್ಮನಿಗೆ ಹರಕೆ ಹೊತ್ತರು. ಜ್ವರ ಬಿಟ್ಟಿತು. ಊರಹಬ್ಬ ಇನ್ನೂ ದೂರವಿತ್ತು. ಹರಕೆಯ ಹುಂಜವನ್ನು ಮಾರುವಂತಿಲ್ಲ, ಅದರ ಮೇಲೆ ಕೋಲು ಎತ್ತುವಂತಿಲ್ಲ, ಗದರಲೂ ಎಲ್ಲರಿಗೂ ಅಂಜಿಕೆ. ಹೀಗೆ ಅದು ಅಂಗಳದ ಯಜಮಾನನಾಯಿತು.

ಕೃತಿಕಾ ಹೊಸಿಲು ದಾಟಿದರೆ ಸಾಕು, ಕತ್ತಿನ ಪುಕ್ಕ ಕೆದರಿಕೊಂಡು ಮೈಮೇಲೆ ಬರುತ್ತಿತ್ತು. ಅವಳ ಅಪ್ಪ ರವಿಚಂದ್ರ ಅದನ್ನು ವಿಡಿಯೊ ಮಾಡಿ ನೆಂಟರಿಗೆಲ್ಲ ಕಳಿಸಿದ. ನೆಂಟರು ಬಿದ್ದು ಬಿದ್ದು ನಕ್ಕರು. ಇದರಲ್ಲಿ ನಗುವುದೇನಿದೆ ಸ್ವಾಮಿ? ನಿಮ್ಮ ಎದೆಯೆತ್ತರದ ಹಕ್ಕಿ ಉಗುರು ಚಾಚಿ ಬಂದರೆ ನೀವು ನಗುತ್ತೀರಾ? ಮಗು ಅಂಗಳ ಬಿಟ್ಟು ಕಿಟಕಿ ಹಿಡಿಯಿತು.

ಒಂದು ಸಂಜೆ ಮರೆತು ಹೊರಗೆ ಕಾಲಿಟ್ಟಾಗ ಹುಂಜದ ಕಾಲಿನ ಮುಳ್ಳು ಅವಳ ಕೆನ್ನೆ ಗೀರಿತು. ಕಣ್ಣಿನ ಸ್ವಲ್ಪವೇ ಕೆಳಗೆ. ಸುಮಿತ್ರಮ್ಮ ಸೋಪು ಹಾಕಿ ಗಾಯ ತೊಳೆಯುತ್ತಿದ್ದರು.

"ದೇವ್ರ ಹುಂಜ ಕಣವ್ವ. ಹಬ್ಬದ ಗಂಟ ತಡ್ಕೊಳ್ಳಾನ," ಅಂದ ರವಿಚಂದ್ರ.

"ಅಮ್ಮಂಗೆ ಕೊಡ್ತೀನಿ ಅಂದಿದ್ದು ಹುಂಜನ ಕಣೋ, ಮಗೀನ ಕಣ್ಣನ್ನಲ್ಲ!"

ಮರುದಿನ ಬೆಳಿಗ್ಗೆ ಸುಮಿತ್ರಮ್ಮ ಗೋಣಿಚೀಲ ಎಸೆದು ಹುಂಜವನ್ನು ಹಿಡಿದರು. ತಾವಿಲ್ಲದಾಗ ಮತ್ತೆ ಮಗುವಿನ ಮೇಲೆ ಹೋದೀತೆಂದು, ರೆಕ್ಕೆ ಅದುಮಿ ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ಕೈಯಲ್ಲಿ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟೇಬಿಟ್ಟರು.

ಸಾಲಿನಲ್ಲಿದ್ದ ಮಾದಮ್ಮ ಬಾಯಿ ಬಾಯಿ ಬಿಟ್ಟಳು. "ಏನ್ ಸುಮಿತ್ರಕ್ಕ, ಮದ್ವೆ ಗಂಡನ್ನ ಎತ್ಕೊಂಡ್ ಬಂದ್ಬುಟ್ಟೆ?"

"ಹೂಂ ಕಣೆ, ಹೆಣ್ ನೋಡಕ್ ಬಂದೈತೆ. ನಿಂಗೆ ಒಪ್ಪಿಗೆನಾ?"

ಸಾಲಿಗೆ ಸಾಲೇ ನಕ್ಕಿತು.

"ಅಲ್ಲಕ್ಕ, ಅಮ್ಮ ಕೋಪ ಮಾಡ್ಕಳಕಿಲ್ವಾ?"

"ಬಂದ್ರೆ ನನ್ ಮ್ಯಾಲೆ ಬರ್ಲಿ. ನಾನ್ ಮಾತಾಡ್ಕೊತೀನಿ."

ಮನೆಗೆ ಬಂದು ಮಗನ ಕೈಗೆ ಹಾರೆ ಕೊಟ್ಟರು. "ವಿಡಿಯೊ ತೆಗ್ದ ಕೈಲೇ ಗೂಟ ನೆಡು." ಮಧ್ಯಾಹ್ನದೊಳಗೆ ಕೊಟ್ಟಿಗೆಯ ಹಿಂದೆ, ಕಾಫಿ ಸಸಿಗೆ ಕಟ್ಟಿದ್ದ ಹಸಿರು ಬಲೆಯಲ್ಲಿ ಹುಂಜದ ಅರಮನೆ ಎದ್ದಿತು. ಒಳಗೆ ರಾಗಿ, ನೀರು, ಜೊತೆಗೆ ಎರಡು ಹೇಂಟೆ. ಹರಕೆಗೆ ಎಳ್ಳಷ್ಟೂ ಕುಂದಿಲ್ಲ.

ಕೃತಿಕಾ ಮೊದಲು ಹೊಸಿಲಾಚೆ ಒಂದು ಕಾಲಿಟ್ಟಳು. ಆಮೇಲೆ ಅಂಗಳದ ಉದ್ದಕ್ಕೂ ಓಡಿದಳು, ಬಿದ್ದಳು, ಎದ್ದಳು, ಮತ್ತೆ ಓಡಿದಳು. ಬಲೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ಏಯ್, ನೀನ್ ಅಲ್ಲೇ ಇರು. ನಂಗೆ ಆಟ ಐತೆ!" ಎಂದಳು. ಸುಮಿತ್ರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ನಿಮ್ಮ ಮನೆಯ ಮಗು ಯಾವುದಕ್ಕೆ ಹೆದರಿ ಒಳಗೆ ಕೂತಿದೆ? ದೊಡ್ಡದಾದರೆ ಸರಿಹೋಗುತ್ತದೆ ಎನ್ನಬೇಡಿ. ಎದ್ದು, ಇವತ್ತೇ ಗೂಟ ನೆಡಿ.