ಬಾಣಂತಿಯ ಕೋಣೆಗೆ ಬಂದ ಕೆಂಪು ಬಾಟಲಿ

ನನ್ನ ಮೊದಲ ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ನಾನು ಮಗ್ಗದ ಕುಣಿಯಿಂದ ಎದ್ದವನು, ಮತ್ತೆ ಅದರಲ್ಲಿ ಕಾಲು ಇಳಿಬಿಟ್ಟದ್ದು ಯಾವಾಗಲೋ ನೆನಪಿಲ್ಲ. ಅರ್ಧ ನೆಯ್ದ ಸೀರೆ ಹಾಗೆಯೇ ಇತ್ತು. ಬನಹಟ್ಟಿಯ ನಮ್ಮ ಓಣಿಯಲ್ಲಿ ಎದುರಿಗೆ ಬಂದವರನ್ನೆಲ್ಲ ನಿಲ್ಲಿಸಿ ಕೂಸಿನ ಮೂಗು ಎಷ್ಟು ನೆಟ್ಟಗಿದೆ ಎಂದು ಹೇಳುತ್ತಿದ್ದೆ. ಕೇಳಿದವರಿಗೆ ಹೇಳಿದೆ, ಕೇಳದವರಿಗೂ ಹೇಳಿದೆ. ರಬಕವಿಯ ಸಂತೆಯಲ್ಲಿ ಬಳೆ ಮಾರುವವನೊಬ್ಬ, ಹೋದ ವಾರವೂ ಇದೇ ಮೂಗಿನ ಸುದ್ದಿ ಹೇಳಿದ್ದಿರಲ್ಲ ಎಂದು ನೆನಪು ಮಾಡಿದ. ಹೌದು, ಹೇಳಿದ್ದೆ. ಆದರೆ ಈ ವಾರ ಮೂಗು ಇನ್ನಷ್ಟು ಚಲೋ ಆಗಿತ್ತು, ಅದನ್ನು ಅವನಿಗೆ ತಿಳಿಸದೆ ಇರುವುದು ಹೇಗೆ?

ನಾನು ಕಲಿತದ್ದು ಮೂರನೆಯ ಇಯತ್ತೆ. ಅಷ್ಟು ಅಕ್ಷರದಲ್ಲಿ ಇಷ್ಟು ಸಂತೋಷ ಹಿಡಿಸುವುದಿಲ್ಲ. ಅಲ್ಲಲ್ಲಿ ಚೆಲ್ಲಿದರೆ ಓದುವವರು ಒರೆಸಿಕೊಳ್ಳಬೇಕು.

ಆಗ ಮುಂಬೈ ಸರಕಾರದ ಕಾಲ. ಜಮಖಂಡಿ, ಮುಧೋಳದ ಸಂಸ್ಥಾನಗಳು ಹೋಗಿ ನಾವೆಲ್ಲ ಹೊಸ ಸರಕಾರದ ಮಂದಿ ಆಗಿದ್ದೆವು. ಸರಕಾರ ದಾರೂಬಂದಿ ತಂದು ಶೆರೆ ಅಂಗಡಿಗಳ ಬಾಗಿಲು ಹಾಕಿಸಿತ್ತು. ನಮ್ಮದು ಲಿಂಗಪೂಜೆಯ ಮನೆ. ಅಂಗಡಿ ತೆರೆದಿದ್ದಾಗಲೂ ನಾವು ಆ ಕಡೆ ನೋಡಿದವರಲ್ಲ. ಇಡೀ ಜಿಲ್ಲೆ ಕುಡಿಯುತ್ತಿದ್ದಾಗ ನಮ್ಮ ಮನೆಗೆ ಬಾರದ ಬಾಟಲಿ, ಇಡೀ ಜಿಲ್ಲೆ ಬಿಟ್ಟ ಮೇಲೆ ಬಂತು. ಅದೂ ಸರಕಾರದ ಪರವಾನಗಿ ಹಿಡಿದುಕೊಂಡು ಬಂತು.

ಅದು ಬಂದದ್ದು ನನ್ನ ಮಗಳಿಗಾಗಿ. ಚೊಚ್ಚಲ ಹೆರಿಗೆಗೆಂದು ಮುಧೋಳದ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಹೆರಿಗೆ ಸುಸೂತ್ರವಾಗಿ ಆಯಿತು. ಆದರೆ ಆಮೇಲೆ ಅವಳು ಊಟ ಬಿಟ್ಟಳು. ತುಪ್ಪ ಹಾಕಿದ ಅನ್ನ ತಂದರೆ ಮುಖ ತಿರುಗಿಸುವಳು, ಅಂಟಿನುಂಡಿ ಕೊಟ್ಟರೆ ದಿಂಬಿನ ಕೆಳಗೆ ಇಡುವಳು. ಮುಖ ಬಿಳಿಚಿಕೊಂಡಿತು. ಎದೆಯಲ್ಲಿ ಹಾಲು ಕಡಿಮೆಯಾಗಿ ಕೂಸು ಅಳತೊಡಗಿತು. ಹೊರಗೆ ಮೂಗಿನ ಸುದ್ದಿ ಹೇಳಿ ಬಂದವನು, ಒಳಗೆ ಕೂಸಿನ ಅಳು ಕೇಳಿ ಕಂಬಕ್ಕೆ ಒರಗಿ ಕೂಡುತ್ತಿದ್ದೆ.

ಜಮಖಂಡಿಯಿಂದ ಡಾಕ್ಟರರನ್ನು ಕರೆಸಿದೆವು. ಬಾಣಂತಿಯ ಕೋಣೆಗೆ ಗಂಡಸರು ಹೋಗುವ ರೂಢಿಯಿಲ್ಲ, ಡಾಕ್ಟರರಾದರೂ ಗಂಡಸರೇ. ಹೀಗಾಗಿ ಮಗಳನ್ನೇ ಪಡಸಾಲೆಗೆ ಕರೆತಂದು ಹೊರಸಿನ ಮೇಲೆ ಮಲಗಿಸಿದರು. ಅವರು ಕಣ್ಣು ಬಿಡಿಸಿ ನೋಡಿ, ರಕ್ತ ಕಡಿಮೆ ಇದೆ, ಹಸಿವು ಸತ್ತಿದೆ ಎಂದರು. ಊಟಕ್ಕೆ ಮೊದಲು ಒಂದು ಸಣ್ಣ ಲೋಟ ಕೆಂಪು ವೈನು ಕೊಡಬೇಕು. ಪರವಾನಗಿ ಮಾಡಿಸಿ ಬಾಟಲಿ ಕಳಿಸುವುದು ಅವರ ಹೊಣೆ. ಬರುವ ವಾರ ತಾವು ಮತ್ತೆ ಬರುವುದರೊಳಗೆ ಅವಳು ಊಟ ಹಿಡಿಯದಿದ್ದರೆ ಮಿರಜದ ದವಾಖಾನೆಗೆ ಒಯ್ಯಬೇಕು, ಕೂಸಿಗೆ ಹೊರಗಿನ ಹಾಲು ಹಾಕಬೇಕು.

ಮಿರಜ ಎಂದ ಕೂಡಲೆ ನಾನು ಮತ್ತೆ ಕಂಬಕ್ಕೆ ಒರಗಿದೆ. ನನ್ನ ಹೆಂಡತಿ ಮಾತ್ರ ಬಾಗಿಲ ಮರೆಯಿಂದ, ಬಾಣಂತಿಗೆ ಏನು ಕೊಡುವಾಗಲೂ ಕೇಳಬೇಕಾದ ಮಾತನ್ನು ನನ್ನ ಬಾಯಿಂದ ಕೇಳಿಸಿದಳು: ಅದನ್ನು ಬಿಸಿ ಮಾಡಿ ಕೊಡುವುದೋ, ತಣ್ಣಗೇ ಕೊಡುವುದೋ?

ಡಾಕ್ಟರರು ಚಪ್ಪಲಿ ಮೆಟ್ಟುತ್ತ ಹೇಳಿದರು: "ಥಂಡ ಮಾಡಬ್ಯಾಡ್ರಿ, ಕಾಸಲೂ ಬ್ಯಾಡ್ರಿ. ಖೋಲಿ ಎಷ್ಟು ಬೆಚ್ಚಗ ಇರ್ತದ, ಅದೂ ಅಷ್ಟ ಬೆಚ್ಚಗಿದ್ರ ಸಾಕು."

ಹೇಳಿ ಬಸ್ಸು ಹತ್ತಿದರು. ಮೂರು ದಿನಕ್ಕೆ ಬಾಟಲಿ ಬಂತು. ನನ್ನ ಹೆಂಡತಿ ಅದನ್ನು ಸೆರಗಿನಲ್ಲಿ ಹಿಡಿದು, ದೇವರ ಕಡೆ ಬೆನ್ನು ಮಾಡಿ ಒಳಗೆ ಒಯ್ದಳು.

ನಮ್ಮ ಕಡೆಯ ಬಾಣಂತಿ ಕೋಣೆ ನೋಡದವರಿಗೆ ಎರಡು ಮಾತು ಹೇಳಬೇಕು. ಕಿಟಕಿ ಮುಚ್ಚಿ ಸಂದುಗಳಿಗೆ ಹಳೆ ಸೀರೆ ತುರುಕಿರುತ್ತಾರೆ. ಹೊರಸಿನ ಕೆಳಗೆ ಹಗಲು ರಾತ್ರಿ ಕೆಂಡದ ಅಗ್ಗಿಷ್ಟಿಗೆ. ಅದರ ಮೇಲೆ ಲೋಬಾನದ ಹೊಗೆ. ಬಾಣಂತಿಗೆ ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೈತುಂಬ ಕಂಬಳಿ. ಚಳಿಗಾಲದಲ್ಲಿ ಇದು ಸುಖವೇ ಇದ್ದೀತು. ಆದರೆ ನನ್ನ ಮೊಮ್ಮಗಳು ಹುಟ್ಟಿದ್ದು ಕಡುಬೇಸಿಗೆಯಲ್ಲಿ. ಹೊರಗೆ ಬನಹಟ್ಟಿಯ ಕಾಗೆಗಳೂ ಬಾಯಿ ತೆರೆದು ಕೂತಿದ್ದವು.

ನನ್ನ ಹೆಂಡತಿ ಬಾಟಲಿಯನ್ನು ಅಗ್ಗಿಷ್ಟಿಗೆಯ ಪಕ್ಕದಲ್ಲೇ ಇಟ್ಟಳು. ಡಾಕ್ಟರರು ಹೇಳಿದ್ದು ಖೋಲಿ, ಬಾಣಂತಿ ಇರುವುದು ಈ ಖೋಲಿ, ಇನ್ನು ಬೇರೆ ಯಾವ ಖೋಲಿಯ ಮಾತು ಎಂಬುದು ಅವಳ ನ್ಯಾಯ. ಮಧ್ಯಾಹ್ನಕ್ಕೆ ಬಾಟಲಿಯನ್ನು ಬರಿಗೈಲಿ ಹಿಡಿಯಲು ಬರಲಿಲ್ಲ. ಒಲೆಯ ಮೇಲಿನ ಪಾತ್ರೆ ಇಳಿಸುವ ಬಟ್ಟೆಯಲ್ಲಿ ಹಿಡಿದು ಲೋಟಕ್ಕೆ ಬಗ್ಗಿಸಿದಳು. ಮಗಳು ಒಂದು ಗುಟುಕು ಬಾಯಿಗಿಟ್ಟು ಹೊರಗೆ ಉಗುಳಿದಳು. ಆ ದಿನ ಅವಳು ದಿನಾ ತಿನ್ನುತ್ತಿದ್ದ ಎರಡು ತುತ್ತನ್ನೂ ತಿನ್ನಲಿಲ್ಲ.

ನಾನು ಹೇಳಿದೆ, ಖೋಲಿ ಎಂದರೆ ಮಗ್ಗದ ಖೋಲಿ ಇರಬೇಕು. ನೂಲು ಹರಿಯಬಾರದು ಎಂದು ನಾವು ಅಲ್ಲಿ ನೆಲ ತೋಯಿಸಿಡುತ್ತೇವೆ, ಹಿತವಾದ ತಂಪು ಇರುತ್ತದೆ. ಬಾಟಲಿಯನ್ನು ಕಾಲಿಡುವ ಕುಣಿಯಲ್ಲಿ ನಿಲ್ಲಿಸೋಣ ಎಂದೆ.

"ನೀವೇನು ಬಾಣಂತಿ ಅದೀರೇನು, ನಿಮ್ಮ ಖೋಲಿ ಲೆಕ್ಕ ಹಿಡಿಯಾಕ?" ಎಂದಳು.

ಇಷ್ಟರಲ್ಲಿ ಮುಧೋಳದಿಂದ ಬೀಗರು ಬಂದರು. ಮಗಳ ಮಾವ, ದೊಡ್ಡ ಮೀಸೆಯ ಮನುಷ್ಯ. ಸಂಸ್ಥಾನದ ಕಾಲದಲ್ಲಿ ಸಾಹೇಬರ ಊಟದ ಮೇಜಿಗೆ ಬಡಿಸುತ್ತಿದ್ದವರು. ಕೂಸಿನ ಮೂಗು ಮುಧೋಳದ್ದು ಎಂದು ಬಂದವರೇ ಸಾರಿದರು. ಬೀಗರ ಮಾತು, ನಾನೂ ಹೌದು ಎಂದೆ. ಹೆಣ್ಣು ಕೊಟ್ಟವರು ಬೀಗರಿಗೆ ಇಲ್ಲ ಎನ್ನುವ ಹಾಗಿಲ್ಲ. ಉಪ್ಪು ಹೆಚ್ಚಾಗಿದೆ ಎಂದರೆ ಹೆಚ್ಚಾಗಿದೆ, ಕಡಿಮೆ ಎಂದರೆ ಕಡಿಮೆ.

ಬಾಟಲಿ ಕೆಂಡದ ಪಕ್ಕದಲ್ಲಿದೆ ಎಂದು ಕೇಳಿ ಅವರು ತಾಂಬೂಲದ ತಟ್ಟೆ ಬದಿಗೆ ಸರಿಸಿದರು.

"ಬೀಗರ, ಅದೇನು ಕಷಾಯ ಅಂತ ತಿಳದೀರಿ? ಸಾಹೇಬರು ಬಾಟ್ಲಿ ಬರ್ಫದಾಗ ಮಲಗಸ್ತಿದ್ರು. ಕುತಗಿಗೆ ಬಿಳಿ ವಸ್ತ್ರ ಸುತ್ತಿ, ಕೂಸಿನಂಗ."

ಮಂಜುಗಡ್ಡೆಯಲ್ಲಿ ಇಡುವುದು ಬಿಳಿ ವೈನನ್ನಂತೆ, ಕೆಂಪನ್ನಲ್ಲ. ಆದರೆ ಸಾಹೇಬರು ಹಾಗೆ ಮಲಗಿಸುತ್ತಿದ್ದ ಬಾಟಲಿ ಕೆಂಪೋ ಬಿಳಿಯೋ ಎಂದು ಕೇಳುವ ತಿಳಿವಳಿಕೆ ನಮಗೆ ಯಾರಿಗೂ ಇರಲಿಲ್ಲ. ಇದ್ದರೂ ಬೀಗರನ್ನು ಕೇಳುವವರು ಯಾರು?

ಬಾಟಲಿ ಹೊರಗೆ ಬಂತು. ಕುಡಿಯುವ ನೀರಿನ ಗಡಿಗೆಯ ಪಕ್ಕದಲ್ಲಿ ಒದ್ದೆ ಬಟ್ಟೆ ಸುತ್ತಿಕೊಂಡು ನಿಂತಿತು. ಬೀಗರು ಅದರ ಎದುರಿಗೇ ಹಾಸಿಗೆ ಹಾಸಿಸಿಕೊಂಡರು.  ಆದರೆ ಬೀಗರು ಮಧ್ಯಾಹ್ನ ಉಂಡು ಗೊರಕೆ ಹೊಡೆಯತೊಡಗಿದ ಕೂಡಲೆ ನನ್ನ ಹೆಂಡತಿ ಬಾಟಲಿಯನ್ನು ಎತ್ತಿಕೊಂಡು ಹೋಗಿ ಹೊರಸಿನ ಕೆಳಗೆ ಇಟ್ಟಳು. ಗೊರಕೆ ನಿಂತರೆ ಅದನ್ನು ತಿರುಗಿ ತರುವ ಕೆಲಸ ನನ್ನದು. ಕೆಂಡದ ಬಳಿಯಿಂದ ಬಂದ ಬಾಟಲಿಯನ್ನು ಹಂಡೆಯ ನೀರಿನಲ್ಲಿ ಅದ್ದಿ, ಬೀಗರು ಕೆಮ್ಮುವುದರೊಳಗೆ ಬಟ್ಟೆ ಸುತ್ತಿ ನಿಲ್ಲಿಸುತ್ತಿದ್ದೆ. ಅವರು ಎದ್ದು ಕೈಯಿಟ್ಟು ನೋಡಿ, ಇನ್ನೂ ಥಂಡ ಸಾಲದು ಎನ್ನುವರು. ರಾತ್ರಿ ಇವಳು ಕೈಯಿಟ್ಟು ನೋಡಿ, ಇನ್ನೂ ಬೆಚ್ಚಗಾಗಿಲ್ಲ ಎನ್ನುವಳು. ನನಗೆ ಮಗ್ಗಕ್ಕೆ ಹೋಗಲು ಬಿಡುವಿಲ್ಲ. ಲಾಳಿಯ ಬದಲು ನಾನೇ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದೆ. ಮಗಳು ಮಲಗಿದಲ್ಲಿಂದ ಬಾಟಲಿ ಬರುವುದನ್ನೂ ಹೋಗುವುದನ್ನೂ ನೋಡುತ್ತಿದ್ದಳು. ಒಂದು ಹನಿಯೂ ಅವಳ ಬಾಯಿಗೆ ಹೋಗಲಿಲ್ಲ, ಒಂದು ತುತ್ತೂ ಹೆಚ್ಚಾಗಲಿಲ್ಲ. ಡಾಕ್ಟರರು ಬರುವ ದಿನ ಹತ್ತಿರ ಬರುತ್ತಿತ್ತು.

ಕೊನೆಗೆ ಬೀಗರು, ಇದು ನೀರಿನಿಂದ ಆಗುವ ಕೆಲಸವಲ್ಲ, ಬರ್ಫವೇ ಬೇಕು ಎಂದು ತೀರ್ಮಾನಿಸಿದರು. ಬರ್ಫ ಸಿಗುವುದು ಮಿರಜದಲ್ಲಿ. ಮಗಳನ್ನು ಮಿರಜಕ್ಕೆ ಒಯ್ಯುವುದು ಬೇಡ ಎಂದು ಅವರು ತಾವೇ ಮಿರಜಕ್ಕೆ ಹೋದರು. ಆ ಬಿಸಿಲಿನಲ್ಲಿ, ಆ ವಯಸ್ಸಿನಲ್ಲಿ. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆದರೆ ಸೊಸೆಗಾಗಿ ಹಾಗೆ ಹೋದ ಮಾವನನ್ನು ನಾನು ಬೇರೆ ಕಡೆ ನೋಡಿಲ್ಲ. ದೊಡ್ಡ ಗಡ್ಡೆಯನ್ನು ಕಟ್ಟಿಗೆ ಹೊಟ್ಟಿನಲ್ಲಿ ಹೂತು, ಗೋಣಿಯಲ್ಲಿ ಕಟ್ಟಿ, ರೈಲಿನಲ್ಲಿ ಕುಡಚಿಗೆ ಬಂದು, ಅಲ್ಲಿಂದ ಮುಂದೆ ಬಸ್ಸಿನಲ್ಲಿ ಹೊರಟರು. ತೇರದಾಳದಲ್ಲಿ ಬಸ್ಸು ಕೆಟ್ಟಿತು. ಎಲ್ಲರೂ ಇಳಿದು ಮರದ ನೆರಳಿಗೆ ಹೋದರೆ, ಇವರು ಗೋಣಿಚೀಲವನ್ನು ನೆರಳಿನಲ್ಲಿ ಕೂಡಿಸಿ ತಾವು ಬಿಸಿಲಿನಲ್ಲಿ ನಿಂತರಂತೆ. ಸಂಜೆ ಬನಹಟ್ಟಿಯಲ್ಲಿ ಇಳಿದಾಗ ಧೋತರ ಪೂರ್ತಿ ತೊಯ್ದಿತ್ತು. ಗೋಣಿ ಬಿಚ್ಚಿದರೆ ಹೊಟ್ಟಿನ ನಡುವೆ ಒಂದು ತೆಂಗಿನಕಾಯಿಯಷ್ಟು ಬರ್ಫ ಉಳಿದಿತ್ತು.

ಓಣಿಯ ಮಂದಿ ಅದನ್ನು ನೋಡಲು ಬಂದರು. ನನ್ನ ಹೆಂಡತಿಗೆ ಇನ್ನು ತಡೆಯುವುದು ಆಗಲಿಲ್ಲ. ಬೀಗರಿಂದ ಎರಡು ಮಾರು ದೂರದಲ್ಲಿ, ಬಾಗಿಲ ಹಿಂದೆ ನಿಂತು ನನಗೆ ಹೇಳಿದಳು:

"ಬೀಗರಿಗೆ ಹೇಳ್ರಿ. ಹಸಿ ಬಾಣಂತಿಗೆ ಬರ್ಫ ಕುಡಿಸಿದ್ರ ಸನ್ನಿ ಆಗತೈತಿ ಅಂತ ಹೇಳ್ರಿ."

"ಬೀಗತ್ಯಾರಿಗೆ ಹೇಳ್ರಿ," ಎಂದರು ಬೀಗರು, ಅವರೂ ನನ್ನ ಕಡೆಗೇ ತಿರುಗಿ. "ಕಾಸಿದ ವೈನ ಕುಡಿದವರನ್ನ ನಾ ಯಾವ ಪಂಕ್ತ್ಯಾಗೂ ನೋಡಿಲ್ಲ ಅಂತ ಹೇಳ್ರಿ."

ನಾನು ಇಬ್ಬರಿಗೂ ಹೇಳಿದೆ. ಇಬ್ಬರೂ ಮೊದಲೇ ಕೇಳಿದ್ದರು. ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಡಾಕ್ಟರರು ಕಾಸಬೇಡಿ ಎಂದಿದ್ದರು, ಥಂಡ ಮಾಡಬೇಡಿ ಎಂದೂ ಹೇಳಿದ್ದರು. ಅಂದಮೇಲೆ ಅರ್ಧ ಕಾಸಿ, ಅರ್ಧ ಥಂಡ ಮಾಡಿ ಎರಡನ್ನೂ ಕೂಡಿಸಿದರೆ ಅವರು ಹೇಳಿದ ಹದಕ್ಕೇ ಬಂದು ನಿಲ್ಲಬೇಕಲ್ಲ? ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಓಣಿಯ ಮಂದಿ ಭೇಷ್ ಎಂದರು.

ನನ್ನ ಹೆಂಡತಿ ತನ್ನ ಪಾಲನ್ನು ಒಲೆಯ ಮೇಲಿಟ್ಟು, ಬೇಡ ಬೇಡ ಎಂದರೂ ಅಜವಾನ ಮತ್ತು ಒಣಶುಂಠಿ ಹಾಕಿದಳು. ಬೀಗರು ತಮ್ಮ ಪಾಲಿನ ಬಟ್ಟಲನ್ನು ಬರ್ಫದ ಮೇಲಿಟ್ಟು ಎರಡೂ ಕೈಗಳಿಂದ ಒತ್ತಿ ಹಿಡಿದು ಕೂತರು. ಪಡಸಾಲೆಯ ನಡುವೆ ಮಣೆಯ ಮೇಲೆ ಲೋಟ ಇಟ್ಟು ನಾನು ಎರಡನ್ನೂ ಒಟ್ಟಿಗೆ ಸುರಿದೆ. ಬಣ್ಣ ಮಗ್ಗದ ಮನೆಯ ಬಣ್ಣದ ಹಂಡೆಯಂತಾಯಿತು, ಮೇಲೆ ಕಟ್ಟಿಗೆ ಹೊಟ್ಟು ತೇಲುತ್ತಿತ್ತು. ಇಬ್ಬರನ್ನೂ ಬೆರಳು ಅದ್ದಿ ನೋಡಲು ಕರೆದೆ.

ಒಲೆಯ ಮುಂದಿನಿಂದ ಎದ್ದು, ಸೆರಗು ಮುಂದೆಳೆದುಕೊಂಡು ಬಂದ ನನ್ನ ಹೆಂಡತಿ ಬೆರಳು ಅದ್ದಿ, "ಅಯ್ಯ ಶಿವನ, ಬರ್ಫ ಆಗೇತಿ" ಎಂದಳು. ಬರ್ಫ ಹಿಡಿದು ಕೂತಿದ್ದ ಬೀಗರು ಅದೇ ಲೋಟದಲ್ಲಿ ಬೆರಳು ಅದ್ದಿ, "ಕೈ ಸುಡತೈತಿ" ಎಂದು ಹಿಂದೆಗೆದರು. ಇಬ್ಬರೂ ಪ್ರಾಮಾಣಿಕರು. ನಾನೂ ಅದ್ದಿ ನೋಡಿದೆ. ನನಗೆ ಒದ್ದೆ ಅನಿಸಿತು, ಅಷ್ಟೇ.

ಮಂದಿಯಲ್ಲಿ ಎರಡು ಪಕ್ಷ ಆಯಿತು. ಬೆರಳು ಅದ್ದುವವರ ಸಾಲು ಬಾಗಿಲು ದಾಟಿತು. ಅಷ್ಟು ಹೊತ್ತಿಗೆ ಬಾಣಂತಿ ಕೋಣೆಯಿಂದ ಮಗಳ ದನಿ ಬಂತು. ಮಾವ ಕೂತಿರುವಾಗ ಅವಳು ದನಿ ಎತ್ತಿದ್ದು ಅದೇ ಮೊದಲು.

"ಯಪ್ಪಾ, ಆ ಲೋಟ ಅಲ್ಲೆ ಇಡು. ಅದು ಬಿಸಿ ಇದ್ರೇನು, ಥಂಡ ಇದ್ರೇನು? ನಾ ಈ ಖೋಲಿಯೊಳಗ ಬೇಯಾಕತ್ತೇನಿ. ಅಗ್ಗಿಷ್ಟಿಗಿ ಹೊರಗ ಒಯ್ರಿ, ಕಿಡಕಿ ತಗೀರಿ. ಉಸರಾಡಾಕ ಬಂದ್ರ ಉಣ್ಣಾಕೂ ಬರತೈತಿ."

ಬೆರಳು ಅದ್ದಿದವರು ಕೈ ಒರೆಸಿಕೊಂಡರು.  ಗಾಳಿ ಬಡಿದರೆ ತಾಯಿಗೂ ಕೂಸಿಗೂ ಕೇಡು ಎಂದು ನನ್ನ ಹೆಂಡತಿ ಗೊಣಗಿದಳು. ಬೀಗರು ಎದ್ದು, ಮೀಸೆಗೆ ಅಂಟಿದ್ದ ಹೊಟ್ಟು ಒರೆಸಿಕೊಂಡರು.

"ಬೀಗರ, ನಮ್ಮ ಸೊಸಿ ಉಣ್ತೇನಿ ಅಂದಾಳ. ಕಿಡಕಿ ತಗೀರಿ."

ಬೀಗರ ಮಾತು. ಇಲ್ಲ ಎನ್ನುವ ಹಾಗಿರಲಿಲ್ಲ. ನನ್ನ ಹೆಂಡತಿ ಹೋಗಿ ಸಂದಿನ ಸೀರೆಗಳನ್ನು ಒಂದೊಂದಾಗಿ ಎಳೆದಳು. ಕೂಸಿಗೆ ನೆಗಡಿ ಬಂದರೆ ಮುಧೋಳಕ್ಕೇ ಹೊತ್ತುಕೊಂಡು ಬರುತ್ತೇನೆಂದು ಬೀಗರಿಗೆ ತಿಳಿಸಲು ನನಗೆ ಹೇಳಿದಳು. ಅಗ್ಗಿಷ್ಟಿಗೆಯನ್ನು ತಾನೇ ಎತ್ತಿ ಹಿತ್ತಲಿಗೆ ಒಯ್ದಳು. ಕಿಟಕಿಯಿಂದ ಸಂಜೆಯ ಗಾಳಿ ಒಳಗೆ ಬಂದು, ಇಷ್ಟು ದಿನದ ಹೊಗೆ ಪಡಸಾಲೆಗೆ ಬಂತು, ನಾವೆಲ್ಲ ಕೆಮ್ಮಿದೆವು. ಬೀಗರು ಉಳಿದಿದ್ದ ಬರ್ಫದ ಚೂರನ್ನು ಬಟ್ಟೆಯಲ್ಲಿ ಸುತ್ತಿ, ಸೊಸೆ ಹಣೆಗೆ ಒತ್ತಿಕೊಳ್ಳಲಿ ಎಂದು ನನ್ನ ಕೈಗಿಟ್ಟರು. ನಾನು ಅದನ್ನು ಬಾಗಿಲಿಂದ ಒಳಗೆ ದಾಟಿಸಿದೆ. ನನ್ನ ಹೆಂಡತಿ ಆ ಹೊತ್ತಿಗೆ ಸರಿಯಾಗಿ ಗೋಡೆಯ ಕಡೆ ನೋಡುತ್ತಿದ್ದಳು.

ತುಸು ಹೊತ್ತಿಗೆ ಮಗಳು ಎದ್ದು ಕೂತು ರೊಟ್ಟಿ ಕೇಳಿದಳು. ಮೊದಲು ಅರ್ಧ ರೊಟ್ಟಿ, ಸಬ್ಬಸಗಿ ಪಲ್ಯ. ಆಮೇಲೆ ಇನ್ನರ್ಧ. ಆಮೇಲೆ, ಬಿಸಿದು ಇನ್ನೊಂದು ಮಾಡು ಯವ್ವಾ ಎಂದಳು. ಒಳಗೆ ತಟ್ಟೆಯ ಸದ್ದು ಕೇಳಿದಾಗಲೆಲ್ಲ ಹೊರಗೆ ಬೀಗರು ನನ್ನ ತೊಡೆ ತಟ್ಟುತ್ತಿದ್ದರು. ನಡುವೆ ಮಣೆಯ ಮೇಲೆ ಲೋಟ ಹಾಗೆಯೇ ಇತ್ತು, ಅದರ ಕಡೆ ಯಾರೂ ನೋಡಲಿಲ್ಲ.

ಅಷ್ಟರಲ್ಲಿ ಹಿಟ್ಟು ತೀರಿತು. ಮಗಳು ಉಣ್ಣದ ಮನೆಯಲ್ಲಿ ನಾವಿಬ್ಬರೂ ಸರಿಯಾಗಿ ಉಂಡಿರಲಿಲ್ಲ, ಜೋಳ ಬೀಸಿಸಿಕೊಂಡು ಬರುವುದು ಯಾರಿಗೂ ನೆನಪಾಗಿರಲಿಲ್ಲ. ನನ್ನ ಹೆಂಡತಿ ಹೊರಗೆ ಬಂದು, ಬೀಗರ ಎದುರಿಗೇ, ಸೆರಗು ಸರಿಮಾಡುವುದನ್ನೂ ಮರೆತು, ಜೋಳದ ಚೀಲವನ್ನು ನನ್ನ ಹೆಗಲಿಗೆ ಹೇರಿದಳು.

"ಗಿರಣಿ ಮುಚ್ಚೂದರಾಗ ಓಡ್ರಿ. ಕೂಸಿನವ್ವ ತಾಟ ಹಿಡಕೊಂಡ ಕೂತಾಳ."

ಓಡಿದೆ. ಗಿರಣಿಯಲ್ಲಿ ಸಾಲು ಇತ್ತು. ಮಗಳು ರೊಟ್ಟಿ ಕೇಳಿದ್ದಾಳೆ ಎಂದು ಎಲ್ಲರಿಗೂ ಹೇಳಿದೆ. ಯಂತ್ರದ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಆದರೂ ನನ್ನ ಮುಖ ನೋಡಿ ಒಬ್ಬೊಬ್ಬರಾಗಿ ಬದಿಗೆ ಸರಿದು ನನ್ನ ಚೀಲವನ್ನು ಮುಂದೆ ಬಿಟ್ಟರು.