ಬೆತ್ತ ಸುಲಿದ ಕೈಗಳು

ನಮ್ಮ ಮನೆಯವರಿಗೆ ನಾಲ್ಕನೆಯ ವಯಸ್ಸಿನಲ್ಲೇ ಮೈಲಿಬೇನೆಯಿಂದ ಎರಡೂ ಕಣ್ಣು ಹೋಗಿದ್ದವು. ಮೂಡಲಗಿಯಲ್ಲಿ ಹುಟ್ಟಿದವರು. ಬೆಳಗಾವಿಯ ಅಂಧರ ಶಾಲೆಯೊಂದರಲ್ಲಿ ಬೆತ್ತದ ಕುರ್ಚಿ ಹೆಣೆಯುವುದನ್ನು ಕಲಿತು, ಗೋಕಾಕ, ಹುಕ್ಕೇರಿ, ಸಂಕೇಶ್ವರದ ಕಚೇರಿಗಳನ್ನೂ ಶಾಲೆಗಳನ್ನೂ ಸುತ್ತಿ, ಹರಿದ ಕುರ್ಚಿಗಳಿಗೆ ಹೊಸ ಬೆತ್ತ ಹಾಕಿಕೊಡುತ್ತಿದ್ದರು. ನಾನು ಅವರನ್ನು ಮೊದಲು ಕಂಡದ್ದು ಹುಕ್ಕೇರಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ. ಅಲ್ಲಿ ನಾನು ಹೊಸದಾಗಿ ಶಿಕ್ಷಕಿಯಾಗಿ ಸೇರಿದ್ದೆ.

ವರಾಂಡದ ನೆಲದ ಮೇಲೆ ಕುಳಿತು, ಬಕೆಟ್ಟಿನಲ್ಲಿ ನೆನೆಹಾಕಿದ ಬೆತ್ತದ ಸೀಳುಗಳನ್ನು ಒಂದೊಂದಾಗಿ ತೆಗೆದು ಚೌಕಟ್ಟಿನ ತೂತುಗಳಲ್ಲಿ ಪೋಣಿಸುತ್ತಿದ್ದರು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಓರೆಯಾಗಿ. ಹೆಬ್ಬೆರಳಿನಿಂದ ತಡವಿ ಮುಂದಿನ ತೂತನ್ನು ಹುಡುಕುತ್ತಿದ್ದರು. ಎರಡನೆಯ ದಿನ ಮಧ್ಯಾಹ್ನ ಕೆಲಸ ಮುಗಿಯಿತು. ಅವರು ಎದ್ದು, ಅಂಗೈಯಿಂದ ಒತ್ತಿ ನೋಡಿ, ಆ ಕುರ್ಚಿಯ ಮೇಲೆ ಕುಳಿತರು.

ಒಳಗಿದ್ದ ಹೆಡ್‌ಮಾಸ್ತರರು ಕೂಗಿದರು. "ಏಯ್, ಏಳ ಮ್ಯಾಲಕ್ಕ! ಅದು ನಾ ಕುಂದ್ರೂ ಕುರ್ಚಿ."

"ಕುಂತ ನೋಡದ ಗಟ್ಟಿ ಐತಿ ಅಂತ ಹೆಂಗ ಹೇಳ್ಲಿರಿ ಸರ?"

"ನೋಡೂದಿದ್ರ ನಿಮ್ಮ ಕೇರ್ಯಾಗ ನೋಡಕೋ."

ಅವರು ಎದ್ದು ನಿಂತರು. ಹೆಡ್‌ಮಾಸ್ತರರು ಶಾಲೆಯ ಸಿಪಾಯಿಯನ್ನು ಕರೆದು ಕುರ್ಚಿಗೆ ಒಂದು ಕೊಡ ನೀರು ಸುರಿಯಲು ಹೇಳಿದರು. ನೀರು ಬಿದ್ದ ಸದ್ದು ಕೇಳಿ ನಮ್ಮ ಮನೆಯವರ ಮುಖ ಸ್ವಲ್ಪ ಆ ಕಡೆ ತಿರುಗಿತು.

"ನೀರ ಬಿದ್ರ ಬೆತ್ತ ಇನ್ನೂ ಬಿಗೀತೈತ್ರಿ. ನೆಳ್ಳಾಗ ಒಣಗಸ್ರಿ," ಎಂದಷ್ಟೇ ಹೇಳಿ ತಮ್ಮ ದಬ್ಬಣ, ಚಾಕು ಚೀಲಕ್ಕೆ ಹಾಕಿಕೊಂಡರು.

ನಾನು ಕೈಯಲ್ಲಿ ಬೋರ್ಡಿಗೆ ಬರೆಯುವ ಖಡು ಹಿಡಿದು ತರಗತಿಯ ಬಾಗಿಲಲ್ಲೇ ನಿಂತಿದ್ದೆ. ಲಿಂಗಪೂಜೆ ಆಗದೆ ಉಣ್ಣದ ಮನೆಯವಳು. ಮೇಲು ಕೀಳು ಇಲ್ಲ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳುತ್ತ ಬೆಳೆದವಳು. ಆ ಹೊತ್ತಿಗೆ ಬಾಯಿ ಬಿಡಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಅವರು ಒಬ್ಬರೇ ಕುಳಿತಿದ್ದರು. ಹತ್ತಿರ ಹೋಗಿ, "ನಾನು ಆ ಸಾಲಿ ಅಕ್ಕೋರ್ರಿ. ನಂದು ತಪ್ಪಾತು," ಎಂದೆ.

"ನೀವೇನ ಅಂದ್ರಿ ನನಗ?"

"ಏನೂ ಅನ್ಲಿಲ್ರಿ. ಅದ ತಪ್ಪು."

ಅವರು ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು, ಬಾಜೂಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು.

ಎರಡು ವರ್ಷದ ನಂತರ ಗೋಕಾಕದಲ್ಲಿ ನೋಂದಣಿ ಮದುವೆಯಾದೆವು. ನಮ್ಮ ಕಡೆಯಿಂದ ಯಾರೂ ಬರಲಿಲ್ಲ. ನನ್ನ ಅಪ್ಪ ಬದುಕಿರುವವರೆಗೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಆ ನೋವು ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ನಮ್ಮ ಸಂಸಾರ ಚೆನ್ನಾಗಿತ್ತು. ನಾನು ಅಂಕಲಗಿಯ ಶಾಲೆಗೆ ಹೋಗುತ್ತಿದ್ದೆ, ಅವರು ಮನೆಯ ಪಡಸಾಲೆಯಲ್ಲಿ ಹೆಣೆಯುತ್ತಿದ್ದರು. ಬೆಳಗಾವಿಯ ಅಂಗಡಿಯಿಂದ ಬೆತ್ತದ ಸುರುಳಿ ಬಂದ ದಿನ ಅದನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡುತ್ತಿದ್ದರು. ಕಾಲ ಕಳೆದಂತೆ ಕಚೇರಿಗಳಿಗೆ ಪ್ಲಾಸ್ಟಿಕ್ ಕುರ್ಚಿ ಬಂದವು, ಗಾಲಿಯ ಕುರ್ಚಿ ಬಂದವು. ಕರೆಯುವವರು ಕಡಿಮೆಯಾಗಿ ಕೊನೆಗೆ ಯಾರೂ ಉಳಿಯಲಿಲ್ಲ.

ನಾನು ನಿವೃತ್ತಳಾದ ವರ್ಷ ಒಂದು ಮುಂಜಾನೆ ಚಹಾ ಕುಡಿಯುತ್ತ ಕೇಳಿದರು. "ಬೆತ್ತದ ಗಿಡಾ ಹೆಂಗ ಇರ್ತೈತಿ?"

ನಾನೂ ನೋಡಿರಲಿಲ್ಲ. ಇಬ್ಬರಿಗೂ ಅನ್ನ ಹಾಕಿದ ಗಿಡ. ಇಬ್ಬರೂ ಅದರ ಹತ್ತಿರ ಹೋದವರಲ್ಲ. ನನ್ನ ಜೊತೆ ಕೆಲಸ ಮಾಡಿದ ಶಿಕ್ಷಕಿಯೊಬ್ಬರ ತವರು ಖಾನಾಪುರದಾಚೆಯ ಅಡವಿಯ ಅಂಚಿನಲ್ಲಿತ್ತು. ಅವರು ಆ ಊರಿನ ಒಬ್ಬ ರೈತನಿಗೆ ಹೇಳಿಟ್ಟರು. ದೀಪಾವಳಿ ಮುಗಿದ ಮೇಲೆ ನಾವಿಬ್ಬರೂ ಬಸ್ಸು ಹತ್ತಿದೆವು.

ರೈತ ನಮ್ಮನ್ನು ಹಳ್ಳದ ದಂಡೆಗುಂಟ ನಡೆಸಿಕೊಂಡು ಹೋಗಿ ಒಂದು ದೊಡ್ಡ ಮರದ ಬುಡದಲ್ಲಿ ನಿಲ್ಲಿಸಿದ. ಬೆತ್ತ ಆ ಮರವನ್ನು ಹಿಡಿದು ಮೇಲೆ ಹೋಗಿತ್ತು. ತೆಂಗಿನ ಗರಿಯಂಥ ಎಲೆ, ಹಗ್ಗದಷ್ಟು ಸಣ್ಣ ಕಾಂಡ. ಕಾಂಡದ ಸುತ್ತ ಹೊದಿಕೆ. ಹೊದಿಕೆಯ ತುಂಬ ಮುಳ್ಳು, ಬೆರಳಿಡಲು ಜಾಗವಿಲ್ಲ.

"ಕೈ ಹಚ್ಚಬ್ಯಾಡ್ರಿ, ಮುಳ್ಳ ಐತಿ," ಎಂದ ರೈತ.

"ಕೈ ಹಚ್ಚಾಕ ಬಂದೇನ್ರಿ," ಎಂದರು ಇವರು.

ನಾನು ಅವರ ಕೈ ಹಿಡಿದು ನಿಧಾನವಾಗಿ ಒಯ್ದು ಇಟ್ಟೆ. ಆದರೂ ಮೂರು ಕಡೆ ಚುಚ್ಚಿ ರಕ್ತ ಬಂತು. ಚಾಟಿಯಂಥ ಒಂದು ಎಳೆ ಅಂಗಿಯ ತೋಳಿಗೆ ಸಿಕ್ಕಿಕೊಂಡಿತು. ಅದಕ್ಕೂ ಸಣ್ಣ ಕೊಕ್ಕೆಗಳು. ಮರ ಹತ್ತಲು ಗಿಡಕ್ಕೆ ಅದೇ ಆಧಾರವೆಂದು ರೈತ ಹೇಳಿದ. ಹೊದಿಕೆ ಉದುರಿದ ಒಂದು ಕಡೆ ಅವರ ಬೆರಳಿಗೆ ಕಾಂಡ ಸಿಕ್ಕಿತು. ನುಣ್ಣಗಿತ್ತು. ಅಲ್ಲಿ ಬೆರಳು ನಿಂತಿತು.

"ನಲವತ್ತು ವರ್ಷ ಹೆಣದೇನಿ," ಎಂದರು. "ನನ್ನ ಕೈಯಾಗ ಒಂದ ಮುಳ್ಳು ಬರಲಿಲ್ಲ. ಇದನ್ನೆಲ್ಲಾ ಯಾರ ಸುಲೀತಿದ್ರು?"

"ನಮ್ಮವ್ವನೂ ಸುಲೀತಿದ್ಲರಿ," ಎಂದ ರೈತ. "ಗುತ್ತಿಗೇದಾರ ಕಡಸ್ತಿದ್ದ, ಊರ ಹೆಣಮಕ್ಕಳೆಲ್ಲಾ ಸುಲೀತಿದ್ರು. ಈಗ ಫಾರೆಸ್ಟಿನವರು ಕಡ್ಯಾಕ ಬಿಡೂದಿಲ್ಲ."

"ಅದಾರೇನ್ರಿ ಅವ್ವಾರು?"

"ಮನ್ಯಾಗ ಅದಾಳ್ರಿ."

ಮುದುಕಿ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕುಳಿತಿದ್ದಳು. ಮಗ ವಿಷಯ ಹೇಳಿದ. ಇವರು ಅವಳ ಎದುರು ನೆಲಕ್ಕೆ ಕುಳಿತು ಎರಡೂ ಕೈ ಚಾಚಿ, "ಯವ್ವಾ, ನಿನ್ನ ಕೈ ಕೊಡು," ಎಂದರು. ಅವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಕೈ ಕೊಟ್ಟಳು.

ಅವರು ಒಂದೊಂದೇ ಬೆರಳನ್ನು ತಡವಿದರು. ಅಂಗೈ ತುಂಬ ಹಳೆಯ ಗಾಯದ ಗಂಟುಗಳು. ಎಡಗೈಯ ಒಂದು ಬೆರಳು ಮಡಚಲು ಬರುತ್ತಿರಲಿಲ್ಲ. ಮುಳ್ಳು ಒಳಗೇ ಮುರಿದು ಕೀವಾಗಿತ್ತಂತೆ.

"ಕೈಗೆ ಹಳೇ ಸೀರಿ ಅರಬಿ ಸುತ್ತಕೊಂಡ್ರೂ ಚುಚ್ಚತಿತ್ತಪಾ," ಎಂದಳು. "ಲಾರಿ ಬಂದು ಒಯ್ತಿತ್ತು. ಎಲ್ಲಿಗ ಹೋಗ್ತಿತ್ತೋ, ಏನ ಮಾಡತಿದ್ರೋ, ನಮಗ್ಯಾರೂ ಹೇಳ್ಲಿಲ್ಲ."

"ಕುರ್ಚಿ ಮಾಡತಿದ್ವಿ ಯವ್ವಾ. ನೀ ಸುಲದದ್ದು ನನ್ನ ಕೈಗೆ ಬಂದಿತ್ತೋ ಇಲ್ಲೋ ಗೊತ್ತಿಲ್ಲ. ನಿನ್ನಂಥಾಕಿ ಒಬ್ಬಾಕಿ ಸುಲದದ್ದಂತೂ ಖರೆ."

ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಶಾಲೆಯ ಆ ಮಧ್ಯಾಹ್ನವೂ ಬಂದಿರಲಿಲ್ಲ, ನನ್ನ ತವರಿನವರು ಬಾಗಿಲು ಹಾಕಿಕೊಂಡಾಗಲೂ ಬಂದಿರಲಿಲ್ಲ. ಮುದುಕಿ ಸೆರಗಿನಿಂದ ಅವರ ಅಂಗೈಯ ರಕ್ತ ಒರೆಸಿದಳು. ಜೋಳದ ರೊಟ್ಟಿ ಇಲ್ಲವೆಂದು ಬೇಸರ ಮಾಡಿಕೊಂಡು, ಅಕ್ಕಿಯ ಭಕ್ಕರಿ, ಹುರುಳಿ ಸಾರು ಬಡಿಸಿದಳು. ಇವರು ಎರಡು ಸಲ ಹಾಕಿಸಿಕೊಂಡು ಉಂಡರು.

ಮರುವರ್ಷದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮುಂಜಾನೆ ಎದೆ ನೋವೆಂದರು. ಗೋಕಾಕದ ದವಾಖಾನೆ ಮುಟ್ಟುವುದರೊಳಗೆ ಎಲ್ಲಾ ಮುಗಿದಿತ್ತು. ತಿಂಗಳಾದ ಮೇಲೆ ನಾನು ಒಬ್ಬಳೇ ಆ ಹಳ್ಳಿಗೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ ಎನ್ನಿಸಿತ್ತು. ಮುದುಕಿ ಎಲ್ಲ ಕೇಳಿ, "ಉಣ್ಣೂವಾಗ ಇನ್ನೊಂದ ಭಕ್ಕರಿ ಹಾಕ ಯವ್ವಾ ಅಂದಿದ್ನಲ್ಲ," ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, ಬಸ್ಸಿನ ಹೊತ್ತಾಗುವವರೆಗೂ ಬಿಡಲಿಲ್ಲ.